ಕಾಲಲ್ಲಿ ಇಟ್ಟ ಸಿಟ್ಟು

ನಮ್ಮ ಪಿ.ಟಿ. ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ತೆಲುಗು ನಾಡಿನ ಲಿಂಗಂಪಲ್ಲಿಯ ನಮ್ಮ ಮನೆಯಿಂದ ಸುತ್ತಮುತ್ತಲಿನ ಕನ್ನಡದ ಮನೆಗಳಿಗೆ ದಿನಾ ಜೋಳದ ರೊಟ್ಟಿ ಹೋಗುತ್ತದೆ. ಹಾಗಾಗಿ ಬೆಳಗಿನ ಹೊತ್ತು ಯಾರ ಫೋನ್ ಬಂದರೂ ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ಮಾತು. ಆ ಕಡೆ ಶಕ್ಕು ಇದ್ದಳು. ಶಾಲೆಯಲ್ಲಿ ನನ್ನ ಜೊತೆ ಓದಿದವಳು, ಈಗ ನಮ್ಮಿಂದ ಎರಡು ಸ್ಟೇಷನ್ ಆಚೆ ಇರುತ್ತಾಳೆ.

"ಮೇಡಂ ಹೋದ್ರು ನೋಡು," ಅಂದಳು.

ಏನಾಗಿತ್ತು, ಯಾವಾಗ ಹೋದರು, ಹತ್ತಿರ ಯಾರಿದ್ದರು, ಕೇಳಬೇಕಾದದ್ದು ಇವು. ನನ್ನ ಬಾಯಿಂದ ಬಂದದ್ದು ಬೇರೆ.

"ಅಂವ ಇನ್ನ ಅದಾನೇನು?"

ಯಾರು ಅಂತ ಶಕ್ಕು ಕೇಳಲಿಲ್ಲ. "ಅದಾನ. ಗಟ್ಟಿ ಅದಾನ. ಮೇಡಂ ಸಂತಾಪ ಸಭಾಕ್ಕ ಅವನೇ ಅಧ್ಯಕ್ಷ."

ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆ ಬಂತು. ಅದನ್ನು ತೆಗೆದು ಪಕ್ಕಕ್ಕಿಟ್ಟೆ. ಅಂವ ಅಂದರೆ ನಮ್ಮ ಲೆಕ್ಕದ ಮಾಸ್ತರು. ಮೇಡಂ ಅವರನ್ನು ಶಾಲೆಯಿಂದ ಹೊರಗೆ ಹಾಕಿಸಿದವರು. ಬರೆಯುವಾಗ ಬಹುವಚನ ಕೊಡುತ್ತಿದ್ದೇನೆ, ಅದು ಕೈಗೆ ಅಂಟಿದ ಅಭ್ಯಾಸ; ಮನಸ್ಸಿನಲ್ಲಿ ಎಂದೂ ಕೊಟ್ಟಿಲ್ಲ. ಈಗ ಮೇಡಂ ಫೋಟೋದ ಪಕ್ಕ ಕುರ್ಚಿ ಹಾಕಿಕೊಂಡು ಗುಣಗಾನ ಮಾಡುವವರೂ ಅವರೇ ಎಂದರೆ, ಅದನ್ನು ಕೇಳಿ ತಲೆ ಅಲ್ಲಾಡಿಸಿ ಬರಲು ನನ್ನಿಂದ ಆಗುವುದಿಲ್ಲ. ಅವರಿಗೆ ಒಂದು ಉತ್ತರ ಕೊಡದೆ ಮೇಡಂ ಅವರನ್ನು ಕಳಿಸಿಕೊಡಬಾರದು ಅಂತ ಆ ಒಲೆಯ ಮುಂದೆಯೇ ನಿಶ್ಚಯ ಮಾಡಿದೆ. ಹೇಗೆ ಅನ್ನುವುದು ಹೊಳೆದಿರಲಿಲ್ಲ.

ಮೊದಲು ಮೇಡಂ ಹೇಗಿದ್ದರು ಹೇಳುತ್ತೇನೆ. ಗಿಡ್ಡ ಆಳು, ಗಟ್ಟಿ ಮೀನಖಂಡ, ದಪ್ಪ ಗಾಜಿನ ಕನ್ನಡಕ. ಗಂಜಿ ಹಾಕಿದ ಹತ್ತಿ ಸೀರೆ, ನೆರಿಗೆ ಹಾರದ ಹಾಗೆ ಎರಡು ಪಿನ್ನು, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಆ ಬೂಟಿಗೆ ಅವರು ಪಾಲಿಶ್ ಕೊಂಡಿದ್ದನ್ನು ನಾನು ಕಾಣೆ. ಲೆಕ್ಕದ ಮಾಸ್ತರ ಮೇಜಿನ ಡಬ್ಬಿಯಿಂದ ಚಾಕ್‌ಪೀಸ್ ಎತ್ತಿಕೊಂಡು ಬಂದು, ಒದ್ದೆ ಮಾಡಿ, ಅದರಿಂದಲೇ ಬಳಿಯುತ್ತಿದ್ದರು. ಅಂಗಡಿಯಲ್ಲಿ ಸಿಗುವ ಚಾಕ್‌ಪೀಸ್ ಅಷ್ಟು ಬೆಳ್ಳಗೆ ಬರುವುದಿಲ್ಲ ಅನ್ನುತ್ತಿದ್ದರು. ಶಿಳ್ಳೆಯನ್ನು ಎಲ್ಲರ ಹಾಗೆ ಕೊರಳಿಗೆ ಹಾಕಿಕೊಳ್ಳದೆ ಕರಿ ದಾರದಲ್ಲಿ ಕಟ್ಟಿ ಬೀಗದ ಕೈ ಗೊಂಚಲಿನ ಜೊತೆ ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಕೈಯಲ್ಲಿ ಯಾವಾಗಲೂ ಹುರಿದ ಶೇಂಗಾ. ಅವರು ಓಡಿದ್ದನ್ನು ನಾವು ಯಾರೂ ನೋಡಿಲ್ಲ. ನಿಂತಲ್ಲೇ ನಿಂತು ಶೇಂಗಾದ ಸಿಪ್ಪೆ ಊದುತ್ತ ನಮ್ಮನ್ನು ಓಡಿಸುತ್ತಿದ್ದರು.

ರಾಯಚೂರು ಕಡೆಯವರು. ತೆಲುಗು ಹುಡುಗಿಯರ ಜೊತೆ ತೆಲುಗು, ಉಳಿದವರ ಜೊತೆ ಹಿಂದಿ. ನಾವು ನಾಲ್ಕೈದು ಕನ್ನಡದ ಮಕ್ಕಳಿದ್ದೆವು, ನಮ್ಮ ಜೊತೆಗೂ ಹಿಂದಿಯೇ. ಕನ್ನಡ ಬರುತ್ತಿದ್ದದ್ದು ಸಿಟ್ಟು ಬಂದಾಗ ಮಾತ್ರ. ಆಗ ತೆಲುಗು ಹುಡುಗಿಯರಿಗೂ ಕನ್ನಡದಲ್ಲೇ ಬೈಗುಳ, ಅವರು ನಮ್ಮ ಕಡೆ ತಿರುಗಿ ಅರ್ಥ ಕೇಳುವುದು, ನಾವು ಇನ್ನೊಂದಿಷ್ಟು ಸೇರಿಸಿ ಹೇಳುವುದು.

ನಮ್ಮದು ಕಾರ್ಖಾನೆಯ ಟೌನ್‌ಶಿಪ್ಪಿನ ಶಾಲೆ. ಅಪ್ಪ ಫಿಟ್ಟರ್, ಊರು ಗದಗಿನ ಹತ್ತಿರ. ಶಕ್ಕುವಿನ ಅಪ್ಪ ಗುಲ್ಬರ್ಗಾದವರು, ಆಫೀಸರ್. ಅವರ ಕ್ವಾರ್ಟರ್ಸಿಗೆ ಮುಂದೆ ತೋಟ, ನಮ್ಮದಕ್ಕೆ ಮುಂದೆ ನಲ್ಲಿ. ಶಾಲೆಯ ಹಿಂದೆ ಮೈದಾನ. ಒಂದು ಕಡೆ ಆನೆ ಮಲಗಿದ ಹಾಗೆ ದೊಡ್ಡ ಕಲ್ಲುಗುಂಡುಗಳು, ಅವುಗಳ ನೆರಳು ಮಧ್ಯಾಹ್ನ ಮೂರರ ಮೇಲೆ ಉದ್ದ ಬೀಳುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗಿಯರೆಲ್ಲ ಪಿ.ಟಿ. ಪಿರಿಯಡ್ ಕಳೆಯುತ್ತಿದ್ದದ್ದು ಆ ನೆರಳಲ್ಲಿ. ಮಂಗಳವಾರ, ಶುಕ್ರವಾರ ಬಂತೆಂದರೆ ಇಡೀ ತರಗತಿಗೆ ಹೊಟ್ಟೆನೋವು. ತಾಯಂದಿರೇ ಚೀಟಿ ಬರೆದು ಕೊಡುತ್ತಿದ್ದರು. ನನ್ನ ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ, ಬಾಯಲ್ಲೇ ಹೇಳಿ ಕಳಿಸುತ್ತಿದ್ದಳು: "ಬಿಸಲಾಗ ಓಡಿ ಕರ್ರಗಾದ್ರ ನಾಳೆ ಯಾರ್ ನೋಡ್ತಾರಂತ ಕೇಳು ನಿಮ್ಮ ಮೇಡಮ್ಮಗ."

ಲೆಕ್ಕದ ಮಾಸ್ತರು ವರಾಂಡದಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಅವರು ಶಾಲೆಯಲ್ಲಿ ಎರಡನೆಯವರು. ಹೆಡ್ ಮಿಸ್ಟ್ರೆಸ್ ನಿವೃತ್ತಿಯ ಹತ್ತಿರ ಬಂದಿದ್ದರಿಂದ ಮೊದಲನೆಯವರ ಹಾಗೆಯೇ ನಡೆದುಕೊಳ್ಳುತ್ತಿದ್ದರು. ನೆರಳಲ್ಲಿ ಕೂತು ಕೂದಲು ಹೆಣೆದುಕೊಳ್ಳುವ ಹುಡುಗಿಯರಿಗೆ ಎರಡು ಪಿರಿಯಡ್ ಯಾಕೆ, ಅದನ್ನು ಲೆಕ್ಕಕ್ಕೆ ಕೊಡಿ ಅಂತ ಮೀಟಿಂಗಿನಲ್ಲಿ ಎತ್ತಿದರು. ಕೊನೆಗೆ ತೀರ್ಮಾನವಾದದ್ದು ಹೀಗೆ: ದಸರಾ ರಜೆಯ ಮೊದಲು ನಡೆಯುವ ವಲಯ ಮಟ್ಟದ ಆಟಗಳಿಗೆ ಹುಡುಗಿಯರ ಒಂದು ತಂಡವಾದರೂ ಹೋಗಬೇಕು, ಗೆದ್ದು ಬರಬೇಕು. ಇಲ್ಲದಿದ್ದರೆ ಪಿರಿಯಡ್ ಅವರದು. ಮೇಡಂ ಅವರದು ತಾತ್ಕಾಲಿಕ ಹುದ್ದೆ, ಆ ಪಿರಿಯಡ್ಡುಗಳ ಮೇಲೆಯೇ ನಿಂತದ್ದು. ಅದು ಹೋದರೆ ಅವರೂ ಹೋದಂತೆ. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಾವು ನೆರಳು ಬಿಟ್ಟು ಏಳಲಿಲ್ಲ.

ಮೇಡಂ ಎಲ್ಲ ಮಾಡಿ ನೋಡಿದರು. ಗ್ಲೂಕೋಸ್ ಬಿಸ್ಕತ್ತು ತಂದರು, ತಿಂದು ಕೂತೆವು. ಸರ್ಟಿಫಿಕೇಟ್ ಬಂದರೆ ಮುಂದೆ ಕಾಲೇಜಿಗೆ ಅನುಕೂಲ ಅಂದರು, ಕಾಲೇಜಿಗೆ ಯಾರನ್ನು ಕಳಿಸುತ್ತಾರೋ ಯಾರನ್ನು ಬಿಡುತ್ತಾರೋ ಆಗ ಯಾರಿಗೆ ಗೊತ್ತಿತ್ತು. ಆರೋಗ್ಯದ ಮೇಲೆ ಭಾಷಣ ಮಾಡಿದರು, ಅದು ಯಾರ ಕಿವಿಗೂ ಹೋಗಲಿಲ್ಲ. ಆಮೇಲೆ ಒಂದು ದಿನ ಶಿಳ್ಳೆ ಊದದೆ ಬಂದು ನಮ್ಮ ನಡುವೆ ಕಲ್ಲಿಗೆ ಒರಗಿ ಕೂತರು. ಶೇಂಗಾ ಹಂಚಿದರು. ಒಬ್ಬೊಬ್ಬಳನ್ನೇ ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿದರು. ನಿನಗೆ ಯಾರ ಮೇಲೆ ಸಿಟ್ಟು?

ಬಹಳ ವರ್ಷದ ಮೇಲೆ ನನಗೆ ಅವರೇ ಹೇಳಿದ ಮಾತು ಇದು: "ಆರೋಗ್ಯ ಬೇಕಾಗೂದು ಮುದುಕ್ರಿಗೆ. ಹದಿನಾಲ್ಕರ ಹುಡುಗಿಗೆ ಏನ್ ಬೇಕು? ಯಾರೋ ಒಬ್ಬರ ಕಣ್ಣ ಮುಂದ ಗೆಲ್ಲಬೇಕು. ಆ ಒಬ್ಬರು ಯಾರಂತ ಹುಡುಕಿದೆ ಅಂದ್ರ ನನ್ನ ಕೆಲಸ ಅರ್ಧ ಮುಗೀತು."

ರೆಹಾನಾ ಅನ್ನುವವಳಿಗೆ ಅವಳ ಅಮ್ಮನ ಮೇಲೆ ಸಿಟ್ಟು. ಅಣ್ಣನಿಗೆ ಸೈಕಲ್ ಕೊಡಿಸಿ ಇವಳಿಗೆ ಹೊಲಿಗೆ ಮಷೀನ್ ತೋರಿಸಿದ್ದರು. ಇನ್ನೊಬ್ಬಳಿಗೆ ಮೈಬಣ್ಣದ ಬಗ್ಗೆ ಮಾತಾಡಿದ ಸೋದರತ್ತೆಯ ಮೇಲೆ. ಶಕ್ಕುವಿಗೆ ಏನಿತ್ತೋ ಅವಳು ಇವತ್ತಿಗೂ ಹೇಳಿಲ್ಲ. ನನ್ನ ಸರದಿ ಬಂದಾಗ ನಾನು ವರಾಂಡದ ಕಡೆ ನೋಡಿದೆ.

ನಾನು ಆಗಲೂ ದಪ್ಪ. ಮಾಸ್ತರು ನನ್ನನ್ನು ಬೋರ್ಡಿಗೆ ಕರೆದಾಗಲೆಲ್ಲ "ರಾ, ಜೊನ್ನ ಬಸ್ತಾ" ಅನ್ನುತ್ತಿದ್ದರು. ಜೋಳದ ಮೂಟೆ. ನಮ್ಮ ಕಡೆಯವರು ಜೋಳ ತಿನ್ನುತ್ತಾರೆ ಎಂಬುದು ಅದರಲ್ಲಿತ್ತು, ನನ್ನ ಮೈಯೂ ಇತ್ತು. ತರಗತಿ ನಗುತ್ತಿತ್ತು. ಹೆಸರು ಅಲ್ಲಿಗೆ ನಿಲ್ಲಲಿಲ್ಲ, ನಲ್ಲಿಯ ಹತ್ತಿರ ಬಂತು, ಸಹಕಾರಿ ಅಂಗಡಿಯ ಸಾಲಿಗೆ ಬಂತು. ಅವ್ವನಿಗೆ ತೆಲುಗು ಅಷ್ಟಕ್ಕಷ್ಟೇ. ಅದೇನೋ ಮುದ್ದಿನ ಹೆಸರು ಅಂದುಕೊಂಡು ಅವಳೂ ನಕ್ಕಳು. ಅದಕ್ಕಾಗಿ ಮಾಸ್ತರನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮೇಡಂ ನನ್ನ ಕಣ್ಣು ಹೋದ ಕಡೆ ನೋಡಿದರು. ಅವರಿಗೆ ಖುಷಿಯಾದದ್ದು ನನಗೆ ಕಂಡಿತು. ಮೊದಲ ಸಲ ಸಿಟ್ಟಿಲ್ಲದೆ ಕನ್ನಡ ಆಡಿದರು. "ಚಲೋ ಸಿಟ್ಟು ಐತಿ ನಿಂದು. ಬಾಯಾಗ ಇಟ್ಕೋಬ್ಯಾಡ, ಕಾಲಾಗ ಇಟ್ಕೋ."

"ನಿಮ್ಮದು ಯಾರ ಮ್ಯಾಲ್ರೀ?" ಅಂತ ಕೇಳಿದೆ.

"ನಂದು ಭಾಳ ಉದ್ದ ಐತಿ. ಒಂದ್ ಪಿರಿಯಡ್ ಸಾಲಂಗಿಲ್ಲ," ಅಂದು ಎದ್ದು ಹೋದರು.

ಮುಂದಿನ ಶುಕ್ರವಾರ ನೆರಳು ಖಾಲಿ.

ಖೋ-ಖೋ ಆಡಿದವರಿಗೆ ಹೇಳಬೇಕಿಲ್ಲ, ಆಡದವರಿಗಾಗಿ ಹೇಳುತ್ತೇನೆ. ಹಿಡಿಯುವ ಕಡೆಯ ಎಂಟು ಜನ ಎರಡು ಕಂಬಗಳ ನಡುವೆ ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತಾರೆ, ಒಬ್ಬಳು ಆ ಕಡೆಗೆ ಮುಖ, ಪಕ್ಕದವಳು ಈ ಕಡೆಗೆ. ಒಂಬತ್ತನೆಯವಳು ಓಡುತ್ತಾಳೆ. ಅವಳು ಕೂತವಳ ಬೆನ್ನಿಗೆ ಹಿಂದಿನಿಂದ ಅಂಗೈ ತಾಗಿಸಿ 'ಖೋ' ಅಂದರೆ ಕೂತವಳು ಏಳಲೇಬೇಕು, ಅಟ್ಟಿಸಿಕೊಂಡು ಹೋಗಲೇಬೇಕು, ಖೋ ಕೊಟ್ಟವಳು ಆ ಜಾಗದಲ್ಲಿ ಕೂರುತ್ತಾಳೆ. ಖೋ ಸಿಗದೆ ಎದ್ದರೆ ಫೌಲ್. ಸಿಕ್ಕ ಮೇಲೆ ಏಳದಿದ್ದರೂ ಫೌಲ್. ಒಂದು ದಿಕ್ಕು ಹಿಡಿದ ಮೇಲೆ ಕಂಬ ದಾಟುವ ತನಕ ಹಿಂದೆ ತಿರುಗುವಂತಿಲ್ಲ.

ನನ್ನನ್ನು ಕೂರಿಸಿದ್ದು ಕಂಬದ ಪಕ್ಕದ ಕೊನೆಯ ಚೌಕದಲ್ಲಿ. ಕೂತೆ. ಒಂದು ವಾರ ಕೂತೆ, ಎರಡು ವಾರ ಕೂತೆ. ನಮ್ಮಲ್ಲಿ ಎಲ್ಲರಿಗಿಂತ ಚುರುಕು ಶಕ್ಕು. ಅವಳು ನನ್ನ ಬೆನ್ನ ಹಿಂದೆ ಗಾಳಿ ಎಬ್ಬಿಸಿಕೊಂಡು ಹೋಗುತ್ತಿದ್ದಳು, ಪಕ್ಕದವಳಿಗೆ ಖೋ, ಆಚೆಯವಳಿಗೆ ಖೋ, ನನಗೆ ಇಲ್ಲ. ಉಳಿದವರೂ ಅವಳನ್ನು ನೋಡಿ ಹಾಗೆಯೇ ಮಾಡಿದರು. ಕಾಲು ಜೋಮು ಹಿಡಿಯುತ್ತಿತ್ತು, ಕೆಂಪು ಮಣ್ಣು ಬಾಯಿಗೆ ಬರುತ್ತಿತ್ತು. ಆಟ ಮುಗಿದ ಮೇಲೆ ಎಲ್ಲರೂ ಏದುಸಿರು ಬಿಡುತ್ತ ನೀರು ಕುಡಿಯುವಾಗ ನನಗೆ ಉಸಿರೂ ಏರಿರುತ್ತಿರಲಿಲ್ಲ. ಅವ್ವ ನನ್ನ ಲಂಗದ ಅಂಚಿನ ಮಣ್ಣು ಒಗೆಯುತ್ತ, ಇಷ್ಟು ಹೊಲಸು ಮಾಡಿಕೊಂಡು ಬರುತ್ತಿ, ಭಾಳ ಓಡ್ತೀಯೇನ ಅಂತ ಕೇಳುತ್ತಿದ್ದಳು. ಹೌದು ಅನ್ನುತ್ತಿದ್ದೆ. ಮೇಡಂ ಅವರಿಗೆ ಹೇಳಿದರೆ, ಶೇಂಗಾ ಬಾಯಿಗೆ ಹಾಕಿಕೊಂಡು ಬೇರೆ ಕಡೆ ನೋಡುತ್ತಿದ್ದರು. ಆಗ ನನಗೆ ಮಾಸ್ತರ ಮೇಲಿನ ಸಿಟ್ಟಿಗೆ ಶಕ್ಕುವಿನ ಮೇಲಿನದ್ದೂ ಸೇರಿತು. ಆಫೀಸರ ಮಗಳು, ಜೋಳದ ಮೂಟೆಯನ್ನು ಮುಟ್ಟಲು ಅವಳಿಗೆ ಹೇಸಿಗೆ ಅಂತ ನಾನು ನಂಬಿದೆ. ರಾತ್ರಿ ನಿದ್ದೆಯಲ್ಲಿ ಕಾಲು ಝಾಡಿಸುತ್ತಿದ್ದೆ, ಪಕ್ಕದಲ್ಲಿ ಮಲಗಿದ ತಂಗಿ ಎದ್ದು ಅಳುತ್ತಿದ್ದಳು.

ವಲಯದ ಆಟ ನಡೆದದ್ದು ಊರೊಳಗಿನ ಸ್ಟೇಡಿಯಂ ಪಕ್ಕದ ಬಯಲಿನಲ್ಲಿ. ಹೆಡ್ ಮಿಸ್ಟ್ರೆಸ್ ನಮ್ಮ ಜೊತೆಗೆ ಮಾಸ್ತರನ್ನೂ ಕಳಿಸಿದ್ದರು. ಅವರು ಮೆಟ್ಟಿಲ ಮೇಲೆ ತಲೆಗೆ ಕರ್ಚೀಫ್ ಹಾಕಿಕೊಂಡು ಕೂತು ಕ್ಲಾಸ್ ಟೆಸ್ಟಿನ ಪೇಪರ್ ತಿದ್ದುತ್ತಿದ್ದರು. ಹೇಗೋ ಕೊನೆಯ ಆಟದ ತನಕ ಬಂದೆವು. ಎದುರಿನವರು ಅಬಿಡ್ಸ್ ಕಡೆಯ ಶಾಲೆಯವರು, ಎಲ್ಲರಿಗೂ ಒಂದೇ ತರಹದ ಬೂಟು. ಕೊನೆಗೆ ಅವರಲ್ಲಿ ಒಬ್ಬಳು ಉಳಿದಳು, ಉದ್ದ ಕಾಲಿನ ಎರಡು ಜಡೆಯ ಹುಡುಗಿ. ಅವಳನ್ನು ಹಿಡಿದರೆ ನಾವು ಗೆದ್ದೆವು, ಇಲ್ಲವಾದರೆ ಇಲ್ಲ. ಅಟ್ಟುತ್ತಿದ್ದ ಶಕ್ಕುವಿನ ಉಸಿರು ಕಟ್ಟಿತ್ತು. ಆ ಹುಡುಗಿ ಜಾಣೆ. ಬೆಳಗಿನಿಂದ ನೋಡಿದ್ದಳಲ್ಲ, ಕಂಬದ ಪಕ್ಕದ ಆ ದಪ್ಪ ಹುಡುಗಿಗೆ ಯಾರೂ ಖೋ ಕೊಡುವುದಿಲ್ಲ, ಅವಳು ಏಳುವುದೇ ಇಲ್ಲ. ನನ್ನ ಮುಂದೆ ಬಂದು, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಸೊಂಟಕ್ಕೆ ಕೈ ಕೊಟ್ಟು ದಣಿವಾರಿಸಿಕೊಳ್ಳತೊಡಗಿದಳು. ಗೋಡೆಯ ನೆರಳಲ್ಲಿ ನಿಲ್ಲುತ್ತಾರಲ್ಲ, ಹಾಗೆ.

ಗೆರೆಯ ಆಚೆ ನಿಂತಿದ್ದ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

ನನ್ನ ಬೆನ್ನಿಗೆ ಒದ್ದೆ ಅಂಗೈ ತಾಗಿತು. "ಖೋ."

ಎದ್ದದ್ದು ನನಗೆ ನೆನಪಿಲ್ಲ. ಅವಳ ಜಡೆಯ ರಿಬ್ಬನ್ ನನ್ನ ಕೈಯಲ್ಲಿದ್ದದ್ದು ನೆನಪಿದೆ. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ನಾನು ಅವರನ್ನು ಬಿಡಿಸಿಕೊಂಡು ನೆಟ್ಟಗೆ ಮೆಟ್ಟಿಲಿಗೆ ಹೋಗಿ ಮಾಸ್ತರ ಮುಂದೆ ನಿಂತೆ. ಮಾತು ಬೇಕಿರಲಿಲ್ಲ, ಅವರು ಒಮ್ಮೆ ನೋಡಿದರೆ ಸಾಕಿತ್ತು. ಅವರು ಕೆಂಪು ಪೆನ್ನು ಎತ್ತಿ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಸ್ತಾ ಕೂಡಾ ಲೇಚಿಂದೇ" ಅಂದರು. ಮೂಟೆಯೂ ಎದ್ದಿತಲ್ಲ ಅಂತ. ನಕ್ಕು ಮತ್ತೆ ಪೇಪರಿಗೆ ಬಗ್ಗಿದರು.

ಪಿರಿಯಡ್ ಉಳಿಯಿತು ಅಂದುಕೊಂಡೆವು. ಮುಂದಿನ ಸುತ್ತು ವಾರಂಗಲ್ಲಿನಲ್ಲಿ, ಒಂದು ರಾತ್ರಿ ಉಳಿಯಬೇಕಿತ್ತು. ಅಷ್ಟರಲ್ಲಿ ಹೆಡ್ ಮಿಸ್ಟ್ರೆಸ್ ನಿವೃತ್ತರಾಗಿ ಮಾಸ್ತರು ಆ ಕುರ್ಚಿಗೆ ಬಂದರು. ಶನಿವಾರ ಎಲ್ಲರ ತಾಯಂದಿರನ್ನು ಕರೆಸಿದರು. ನಾನೂ ರೆಹಾನಾಳೂ ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡೆವು. ಗಂಡಸರ ಮುಂದೆ ಓಡುವುದು, ಪರ ಊರಲ್ಲಿ ಮಲಗುವುದು ಎಲ್ಲ ಹೇಳಿದರು. ತಾಯಂದಿರು ಅಷ್ಟೇನೂ ಅಲುಗಲಿಲ್ಲ, ಗೆದ್ದು ಬಂದ ಮಕ್ಕಳ ಮೇಲೆ ಅವರಿಗೂ ಹೆಮ್ಮೆ ಬಂದಿತ್ತು. ಆಗ ಅವರು ದನಿ ತಗ್ಗಿಸಿ ಇನ್ನೊಂದು ಮಾತು ಎತ್ತಿದರು. ಈ ಮೇಡಂ ನಿಮ್ಮ ಮಕ್ಕಳಿಗೆ ಆಟ ಕಲಿಸುತ್ತಿಲ್ಲ, ಒಬ್ಬೊಬ್ಬಳನ್ನೇ ಕರೆದು ನಿನಗೆ ಯಾರ ಮೇಲೆ ಸಿಟ್ಟು ಅಂತ ಕೇಳುತ್ತಾಳೆ, ದ್ವೇಷ ಕಲಿಸುತ್ತಾಳೆ, ನಿಮ್ಮ ಮಗಳು ಯಾರ ಹೆಸರು ಹೇಳಿದ್ದಾಳೋ ಮನೆಗೆ ಹೋಗಿ ಕೇಳಿ.

ಅದು ಸುಳ್ಳಾಗಿರಲಿಲ್ಲ. ಅದಕ್ಕೇ ತಾಗಿತು. ಕಿಟಕಿಯ ಹೊರಗೆ ರೆಹಾನಾ ನನ್ನ ಕೈ ಹಿಡಿದುಕೊಂಡಳು. ಒಳಗೆ ತಾಯಂದಿರೆಲ್ಲ ಬಾಗಿಲಲ್ಲಿ ನಿಂತಿದ್ದ ಮೇಡಂ ಕಡೆ ತಿರುಗಿದರು. ಹೌದಾ ಅಂತ ಒಬ್ಬರು ಕೇಳಿದರು. ಮೇಡಂ, ಹೌದು ಅಂದರು. ಅಷ್ಟೇ. ನಾನು ಅವರ ಕನ್ನಡಕ್ಕಾಗಿ ಕಾದೆ. ಈಗ ಬರುತ್ತದೆ, ಈಗ ಇವರನ್ನು ಹರಿದು ಹಾಕುತ್ತಾರೆ ಅಂತ. ಯಾವ ಭಾಷೆಯೂ ಬರಲಿಲ್ಲ. ಸೊಂಟದ ಗೊಂಚಲಿನಿಂದ ಶಾಲೆಯ ಬೀಗದ ಕೈಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಶಿಳ್ಳೆ ಮಾತ್ರ ಉಳಿಸಿಕೊಂಡು ಹೋದರು.

ಸೋಮವಾರ ಹುದ್ದೆ ರದ್ದಾದ ಸುದ್ದಿ ಬಂತು. ಮಂಗಳವಾರದ ಪಿ.ಟಿ. ಪಿರಿಯಡ್ಡಿಗೆ ಮಾಸ್ತರು ಬಂದು ಲಾಭ ನಷ್ಟದ ಪಾಠ ಶುರು ಮಾಡಿದರು. ಹತ್ತನೆಯ ತರಗತಿ ಮುಗಿಯುವ ತನಕ ಅವರು ಕೇಳಿದ ಒಂದು ಪ್ರಶ್ನೆಗೂ ನಾನು ಬಾಯಿ ಬಿಟ್ಟು ಉತ್ತರ ಹೇಳಲಿಲ್ಲ. ಪರೀಕ್ಷೆಯಲ್ಲಿ ಬರೆದೆ, ಅಂಕ ತೆಗೆದೆ, ತರಗತಿಯಲ್ಲಿ ಕೂತೆ. ಕೂರುವುದನ್ನು ನನಗೆ ಚೆನ್ನಾಗಿ ಕಲಿಸಿದ್ದರು.

ಮೇಡಂ ಅವರನ್ನು ಮತ್ತೆ ನೋಡಿದ್ದು ಮದುವೆಯಾಗಿ ಮಕ್ಕಳಾದ ಮೇಲೆ. ನಮ್ಮವರು ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿನ ಒಂದಷ್ಟು ಜನರಿಗೆ ರೊಟ್ಟಿ ಕೊಟ್ಟು ಬರಲು ಹೋದಾಗ, ಬಸ್ಸಿಗೆ ಕಾಯುವ ಜಾಗದಲ್ಲಿ ಎಲ್ಲೋ ಮೇಲಿನಿಂದ ಶಿಳ್ಳೆ ಕೇಳಿತು. ತಲೆಯೆತ್ತಿದರೆ ಅಂಗಡಿಗಳ ಮೇಲೆ ಒಂದು ಖಾಸಗಿ ಶಾಲೆ, ಅದರ ತಾರಸಿಯ ಮೇಲೆ ಮಕ್ಕಳು ನಿಂತಲ್ಲೇ ಕುಪ್ಪಳಿಸುತ್ತಿದ್ದವು. ಓಡಲು ಜಾಗವಿಲ್ಲ. ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದ ಗಿಡ್ಡ ಆಳಿನ ಬೂಟು ಬೆಳ್ಳಗಿತ್ತು.

ಹತ್ತಿ ಹೋದೆ. ನಾನು ಯಾರು ಅಂತ ಹೇಳಬೇಕಾಗಲಿಲ್ಲ. ಗಾಳಿಯಲ್ಲಿ ಕಾರ್ಖಾನೆಯ ವಾಸನೆ, ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡೇ ನನ್ನನ್ನು ನೋಡಿದರು. ಮನೆ, ಮಕ್ಕಳು ಏನೂ ಕೇಳಲಿಲ್ಲ.

"ಸಿಟ್ಟು ಐತೇನ ಇನ್ನ?"

"ಐತ್ರೀ."

"ಕಾಲಾಗೇ ಐತೇನು?"

"ಮೊಣಕಾಲು ನೋಯಾಕತ್ತಾವ್ರೀ ಈಗ."

"ಹಂಗಾರ ಬೆಚ್ಚಗ ಇಟ್ಕೋ. ಆರಾಕ ಬಿಡಬ್ಯಾಡ," ಅಂದರು. ನಾನು ಕೊಟ್ಟ ರೊಟ್ಟಿಯನ್ನು ಅಲ್ಲೇ ಮುರಿದು ಶೇಂಗಾದ ಜೊತೆ ತಿಂದರು. ಹುಡುಗಿಯರಿಗೆ ಬೇಕಾದದ್ದು ಏನು ಅನ್ನುವ ಆ ಮಾತನ್ನು ಆಡಿದ್ದು ಅವತ್ತೇ. ಅವರಿಗೆ ಮನೆ ಇತ್ತೇ, ಮನೆಯಲ್ಲಿ ಯಾರಿದ್ದರು, ನನಗೆ ಗೊತ್ತಿಲ್ಲ. ಅದೇ ಕೊನೆ.

ಸಂತಾಪ ಸಭೆಯ ದಿನ ಶಕ್ಕು ಲೋಕಲ್ ಟ್ರೇನಿನಲ್ಲಿ ಲಿಂಗಂಪಲ್ಲಿಗೆ ಬಂದಳು, ಸ್ಟೇಷನ್ನಿನಿಂದ ಇಬ್ಬರೂ ಆಟೋದಲ್ಲಿ ಹೋದೆವು. ಅವಳ ಮೇಲಿನ ನನ್ನ ಸಿಟ್ಟು ಯಾವತ್ತೋ ಕರಗಿತ್ತು, ಪೂರ್ತಿ ಕರಗಿರಲಿಲ್ಲ. ಆಟೋದ ಗದ್ದಲದಲ್ಲಿ ಕೇಳಿಯೇ ಬಿಟ್ಟೆ. ಅಷ್ಟು ದಿನ ನನಗ್ಯಾಕ ಖೋ ಕೊಡಲಿಲ್ಲ ನೀ?

ಅವಳು ನನ್ನ ಮುಖ ನೋಡಿದಳು. "ನಿನಗ ಗೊತ್ತಿಲ್ಲೇನು? ಮೇಡಂನೇ ಹೇಳಿದ್ರಲ್ಲ. ನಾ ಕನ್ನಡಕ ತೆಗಿಯೂತನಕ ಅಕಿಗೆ ಕೊಡಬ್ಯಾಡ ಅಂತ."

ಕೆಂಪು ಮಣ್ಣು, ಜೋಮು ಹಿಡಿದ ಕಾಲು, ಅವ್ವನಿಗೆ ಹೇಳಿದ ಸುಳ್ಳು, ಎಲ್ಲವೂ ಒಬ್ಬರು ಲೆಕ್ಕ ಹಾಕಿ ಮಾಡಿಸಿದ್ದು. ನನ್ನನ್ನು ಕಲ್ಲಿನ ಹಾಗೆ ಕೂರಿಸಿ, ಕಲ್ಲು ಅಂತಲೇ ಎದುರಿನವರನ್ನು ನಂಬಿಸಿದ್ದು.

"ನನಗ ಒಂದ್ ಮಾತು ಹೇಳಬಹುದಿತ್ತಲ್ಲ," ಅಂದೆ.

"ಹೇಳಿದ್ರ ನಿನ್ನ ಮಾರಿ ಮ್ಯಾಲ ಕಾಣ್ತಿತ್ತು. ನೀ ನಗಾಕಿ."

ಸತ್ತವರ ಮೇಲೂ ಸಿಟ್ಟು ಬಂತು. ಅವರ ಸಂತಾಪ ಸಭೆಗೆ ಅವರ ಮೇಲೇ ಕುದಿಯುತ್ತ ಹೋದವಳು ನಾನೊಬ್ಬಳೇ ಇರಬೇಕು. ಆಟೋ ಇಳಿಯುವ ಹೊತ್ತಿಗೆ ಇನ್ನೊಂದೂ ಅನ್ನಿಸಿತು. ಸಿಟ್ಟು ಅಂದರೆ ಏನು, ಎಷ್ಟು ದಿನ ಕಾಯಿಸಬೇಕು, ಯಾವಾಗ ಬಿಡಬೇಕು ಅನ್ನುವುದು ಈ ಊರಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಶಾಲೆಯ ಮೈದಾನ ಈಗ ಇಲ್ಲ. ಅಲ್ಲಿ ಸಭಾಂಗಣ ಎದ್ದಿದೆ, ಸಭೆ ನಡೆದದ್ದು ಅದರಲ್ಲೇ. ಕಲ್ಲುಗುಂಡುಗಳನ್ನೂ ಒಡೆದಿದ್ದಾರೆ. ವೇದಿಕೆಯ ಮೇಲೆ ಮೇಡಂ ಫೋಟೋ, ಕನ್ನಡಕ ಹಾಕಿದ್ದು. ಸಭೆ ಏರ್ಪಡಿಸಿದ ಹಳೆಯ ವಿದ್ಯಾರ್ಥಿಗಳು ನಮಗಿಂತ ತೀರ ಚಿಕ್ಕವರು, ಹಿಂದಿನದು ಏನೂ ಗೊತ್ತಿಲ್ಲದವರು. ನಾವು ಆ ವರ್ಷ ಗೆದ್ದ ತಂಡದವರು ಎಂದು ತಿಳಿದು ಖುಷಿಪಟ್ಟು, ಭಾಷಣ ಮುಗಿದ ಮೇಲೆ ಅಧ್ಯಕ್ಷರಿಗೆ ಹೊದಿಸಿ ಅಂತ ನನ್ನ ಕೈಗೆ ಒಂದು ಶಾಲು ಕೊಟ್ಟರು. ಒಳ್ಳೆಯ ಉಣ್ಣೆಯ ಶಾಲು. ಮಡಿಲಲ್ಲಿಟ್ಟುಕೊಂಡು ಎರಡನೆಯ ಸಾಲಿನಲ್ಲಿ ಕೂತೆ. ಶಕ್ಕು ನನ್ನ ಹಿಂದೆ.

ಮಾಸ್ತರು ವಯಸ್ಸಾದ್ದರಿಂದ ಕೂತೇ ಮಾತಾಡಿದರು. ಮೈಕನ್ನು ಕುರ್ಚಿಯ ಹತ್ತಿರ ತಂದಿಟ್ಟಿದ್ದರು. ಕೂದಲು ಬೆಳ್ಳಗೆ, ದನಿ ಅದೇ. ಹೆಣ್ಣುಮಕ್ಕಳು ಆಡಬೇಕು ಎಂಬುದು ತಮ್ಮ ಮೊದಲಿನಿಂದಲೂ ಇದ್ದ ಆಸೆ ಅಂದರು. ಈ ಶಾಲೆಯ ಹುಡುಗಿಯರಿಗೆ ಖೋ-ಖೋ ಹುಚ್ಚು ಹಿಡಿಸಿ, ಬಿಸಿಲಲ್ಲಿ ನಿಂತು, ತಾವೇ ಹೇಳಿಕೊಟ್ಟು ಗೆಲ್ಲಿಸಿಕೊಂಡು ಬಂದದ್ದು ಅಂದರು. ಚಪ್ಪಾಳೆ ಬಿತ್ತು. ಮೇಡಂ ಪಾಪ ಒಳ್ಳೆಯವರು, ತಮ್ಮ ಕೈ ಕೆಳಗೆ ನಿಷ್ಠೆಯಿಂದ ಕೆಲಸ ಮಾಡಿದರು, ಮನೆಯ ತೊಂದರೆಯಿಂದ ತಾವಾಗಿಯೇ ಬಿಟ್ಟು ಹೋದರು, ಎಷ್ಟು ಹೇಳಿದರೂ ನಿಲ್ಲಲಿಲ್ಲ ಅಂದರು.

ಬೆನ್ನಿಗೆ ಅಂಗೈ ತಾಗಿತು.

"ಖೋ," ಅಂದಳು ಶಕ್ಕು, ಮೆಲ್ಲಗೆ.

ಎದ್ದೆ. ಮೊಣಕಾಲು ಒಂದು ಮಾತೂ ಆಡಲಿಲ್ಲ. ಭಾಷಣ ಇನ್ನೂ ಮುಗಿದಿರಲಿಲ್ಲ, ಆದರೂ ಶಾಲು ನೋಡಿ ಎಲ್ಲರೂ ದಾರಿ ಬಿಟ್ಟರು. ವೇದಿಕೆ ಹತ್ತಿ ಮಾಸ್ತರ ಕುರ್ಚಿಯ ಹಿಂದೆ ಹೋದೆ. ಹೊದಿಸಲು ಬಂದಳು ಅಂತ ಅವರು ಮಾತು ನಿಲ್ಲಿಸಿ ಭುಜ ಸರಿಮಾಡಿ ಕೂತರು. ನಾನು ಶಾಲನ್ನು ನನ್ನ ಹೆಗಲಿಗೆ ಹಾಕಿಕೊಂಡು, ಅಂಗೈಯನ್ನು ಅವರ ಬೆನ್ನಿಗೆ ತಾಗಿಸಿ, ಬಗ್ಗಿ, ಮೈಕಿಗೆ ಕೇಳುವ ಹಾಗೆ ಅಂದೆ.

"ಖೋ."

ಅವರು ಕತ್ತು ತಿರುಗಿಸಿ, "ಏಮಿಟಮ್ಮಾ?" ಅಂದರು. ಏನಮ್ಮಾ ಅಂತ. ಕೂತೇ ಇದ್ದರು.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಿಂದಿನ ಸಾಲುಗಳಲ್ಲಿ, ಎಂದೋ ಆ ಮೈದಾನದಲ್ಲಿ ಆಡಿದ್ದ ಹೆಂಗಸರ ಕಡೆಯಿಂದ, ಒಂದು ನಗು ಎದ್ದಿತು. ಖೋ ಅಂದರೆ ಏಳಬೇಕು ಅಂತ ತಿಳಿಯದವರು ಖೋ-ಖೋ ಕಲಿಸಿದವರಂತೆ. ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಬಂತು. ಹಿಂದೆ ನಾನು ಬೋರ್ಡಿನ ಮುಂದೆ ನಿಂತು ಕೇಳುತ್ತಿದ್ದ ನಗು ಹೀಗೆಯೇ ಸಾಲಿನಿಂದ ಸಾಲಿಗೆ ಬರುತ್ತಿತ್ತು. ಅದು ಮುಖಕ್ಕೆ ಬಂದು ತಾಗಿದಾಗ ಹೇಗಿರುತ್ತದೆ ಎಂದು ಅವರು ನೋಡಿಕೊಳ್ಳಲಿ ಅಂತ ಪೂರ್ತಿ ಬರುವ ತನಕ ಕಾದೆ. "ಫೌಲ್," ಅಂದಳು ಶಕ್ಕು, ಕೂತಲ್ಲಿಂದಲೇ.

ಆಮೇಲೆ ಹೇಳಬೇಕಾದದ್ದನ್ನು ತೆಲುಗಿನಲ್ಲಿ ಹೇಳಿದೆ. ಮೇಡಂ ತಾವಾಗಿ ಬಿಟ್ಟು ಹೋಗಲಿಲ್ಲ, ನೀವು ತೆಗೆದಿರಿ. ಗೆದ್ದ ತಂಡವನ್ನು ಒಡೆದಿರಿ. ಆ ಪಿರಿಯಡ್ಡಿನಲ್ಲಿ ಲಾಭ ನಷ್ಟ ಕಲಿಸಿದಿರಿ. ಆ ಶನಿವಾರ ನೀವು ತಾಯಂದಿರಿಗೆ ಏನು ಹೇಳಿದಿರಿ ಎಂಬುದನ್ನು ನಾನು ಕಿಟಕಿಯ ಹೊರಗೆ ನಿಂತು ಕೇಳಿದ್ದೇನೆ.

"ನುವ್ವೆವರು?" ಅಂದರು. ನೀನು ಯಾರು ಅಂತ. ದನಿ ಸಣ್ಣದಾಗಿತ್ತು.

"ಜೊನ್ನ ಬಸ್ತಾ," ಅಂದೆ.

ಗುರುತು ಸಿಕ್ಕಿತು. ಅವರ ಮುಖದಲ್ಲಿ ಅದು ಹತ್ತಿ ಬಂದದ್ದನ್ನು ಕಣ್ಣು ತುಂಬ ನೋಡಿದೆ. ಏಳಲು ಹೋದರು, ಕುರ್ಚಿಯ ಕೈ ಹಿಡಿದು ಅರ್ಧ ಎದ್ದು ಮತ್ತೆ ಕೂತರು. ವಯಸ್ಸಾದವರು, ಪಾಪ, ಸಾವಿನ ಮನೆಯಂಥ ಜಾಗದಲ್ಲಿ ಹೀಗೆ ಮಾಡಬಾರದಿತ್ತು ಅಂತ ಆಮೇಲೆ ಕೆಲವರು ಅಂದರಂತೆ. ಅನ್ನಲಿ. ಹುಡುಗರು ನನ್ನನ್ನು ಕೆಳಗಿಳಿಸಲು ಓಡಿ ಬಂದರು. ಬಂದ ದಾರಿಯಲ್ಲಿ ಹಿಂದೆ ತಿರುಗಲಿಲ್ಲ, ಹಾಗೇ ಮುಂದೆ ನಡೆದು ಆ ಕಡೆಯ ಮೆಟ್ಟಿಲಿಳಿದು ಪಕ್ಕದ ಬಾಗಿಲಿನಿಂದ ಹೊರಗೆ ಬಂದೆ. ಮನೆ ಮುಟ್ಟಿದ ಮೇಲೆ ನೋಡಿದರೆ ಶಾಲು ನನ್ನ ಹೆಗಲ ಮೇಲೆಯೇ ಇತ್ತು.

ಈಗ ಅದನ್ನು ರೊಟ್ಟಿಯ ಬುಟ್ಟಿಗೆ ಮುಚ್ಚುತ್ತೇನೆ. ಇಷ್ಟು ಚಲೋ ಶಾಲು ರೊಟ್ಟಿಗೆ ಯಾಕ ಹೊದಿಸ್ತಿ ಅಂತ ನಮ್ಮವರು ಮೊನ್ನೆ ಕೇಳಿದರು. ಬೆಳಿಗ್ಗೆ ಬಡಿದ ರೊಟ್ಟಿಯನ್ನು ಸಂಜೆ ತೆಗೆದು ಅವರ ಅಂಗೈ ಮೇಲಿಟ್ಟೆ.

"ನೋಡ್ರಿ," ಅಂದೆ, "ಇನ್ನ ಬಿಸಿ ಐತಿ."